ಬಿಸಿಲ ನಾಡಿನ ಹೊಳೆ ಮೀನು

ಕಲಬುರಗಿ ಜಿಲ್ಲೆ ಎಂದಾಗ ನಮ್ಮ ಕರಾವಳಿಯವರಿಗೆ ನೆನಪಾಗುವುದು ಬಿಸಿಲು, ತೊಗರಿ ಬೇಳೆ ಮತ್ತು ಖ್ವಾಜಾ ಬಂದೇ ನವಾಝರ ದರ್ಗಾ. ಮೀನು ನೆನಪಾಗುವುದಿಲ್ಲ. ನನ್ನ ನಾದಿನಿಗೆ ಆ ಕಡೆಯಿಂದ ಸಂಬಂಧ ಬಂದಾಗ ಹುಡುಗನ ಕೆಲಸ, ಮನೆತನ ಎಲ್ಲವನ್ನೂ ವಿಚಾರಿಸಿ ಮುಗಿದ ಮೇಲೂ ನಮ್ಮ ಅತ್ತೆಗೆ ಒಂದು ಚಿಂತೆ ಉಳಿದಿತ್ತು. "ಅಲ್ಲಿ ಮೀನು ಸಿಕ್ಕುತ್ತದಾ?" ಬಂಗುಡೆ, ಬೂತಾಯಿ ಇಲ್ಲದೆ ಅನ್ನ ಇಳಿಯದ ಮನೆಯ ಹುಡುಗಿ ಬೇಳೆಯಲ್ಲೇ ವರ್ಷ ಕಳೆಯುವುದು ಹೇಗೆಂದು ಅವರಿಗೆ ನಿಜವಾಗಿಯೂ ಸಂಕಟವಾಗಿತ್ತು. ಮದುವೆಯಾಗಿ ಕೆಲವು ತಿಂಗಳಾದ ಮೇಲೆ ನಾದಿನಿಯೇ ಫೋನಿನಲ್ಲಿ ಉತ್ತರ ಕೊಟ್ಟಳು. "ಉಮ್ಮಾ, ಇಲ್ಲಿ ಹೊಳೆ ಮೀನು ಉಂಟು. ಮಳೆ ಬಿಟ್ಟ ಮೇಲೆ ಎರಡು ಮೂರು ತಿಂಗಳು ಒಳ್ಳೆಯದು ಬರುತ್ತದೆ. ಆಮೇಲೆ ಹೊಳೆಯೇ ಇರುವುದಿಲ್ಲ."

ಹೊಳೆಯೇ ಇರುವುದಿಲ್ಲ ಎಂಬ ಆ ಮಾತು ನನಗೆ ಅರ್ಥವಾಗಿರಲಿಲ್ಲ. ನಮ್ಮಲ್ಲಿ ಜೂನ್, ಜುಲೈ ತಿಂಗಳುಗಳಲ್ಲಿ ಸರಕಾರವೇ ಯಾಂತ್ರಿಕ ದೋಣಿಗಳನ್ನು ನಿಲ್ಲಿಸುತ್ತದೆ. ಆಗಸ್ಟ್‌ನಲ್ಲಿ ಅವು ಮತ್ತೆ ಇಳಿಯುತ್ತವೆ. ಕಡಲು ಮಾತ್ರ ಎಲ್ಲಿಗೂ ಹೋಗುವುದಿಲ್ಲ. 2025ರ ನವೆಂಬರ್ ಮೊದಲ ವಾರ, ರಾಜ್ಯೋತ್ಸವದ ರಜೆಗೆ ಎರಡು ದಿನ ಸೇರಿಸಿ ನಾವು ಮೂವರು ನಾದಿನಿಯ ಮನೆಗೆ ಹೋದಾಗ, ಎಲ್ಲರೂ ನೋಡುವ ಕೋಟೆ, ಗುಂಬಜುಗಳ ಜೊತೆಗೆ ಈ ಬಂದು ಹೋಗುವ ಹೊಳೆಯನ್ನೂ ಅದರ ಮೀನನ್ನೂ ನೋಡಿಯೇ ಬರಬೇಕೆಂದು ನಿಶ್ಚಯಿಸಿದ್ದೆ. ನಾದಿನಿಯ ಗಂಡ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕುಗಳಲ್ಲಿ ಓಡಾಡಿದವನು. ಕಾರು ಅವನದೇ, ದಾರಿಯೂ ಅವನದೇ.

ಮೊದಲ ದಿನ ಆಳಂದ. ಕಲಬುರಗಿಯಿಂದ ಸುಮಾರು ನಲ್ವತ್ತು ಕಿಲೋಮೀಟರ್. ದಾರಿಯ ಎರಡೂ ಕಡೆ ತೊಗರಿ ಹಳದಿ ಹೂವಿಗೆ ಬಂದಿತ್ತು. ಆಳಂದ ಎಂದರೆ ಈ ಸೀಮೆಯ ಮುಸ್ಲಿಮರಿಗೆ ಲಾಡ್ಲೆ ಮಶಾಯಿಖ್ ಎಂದು ಪ್ರಸಿದ್ಧರಾದ ಹಝ್ರತ್ ಅಲಾವುದ್ದೀನ್ ಅನ್ಸಾರಿಯವರ ಊರು. ಅದನ್ನು ದಾಟಿ ನಾವು ಹೋದದ್ದು ಕೋರಳ್ಳಿಯ ಹತ್ತಿರವಿರುವ ಅಮರ್ಜಾ ಅಣೆಕಟ್ಟಿಗೆ. ಕಪ್ಪು ಮಣ್ಣಿನ ಬಯಲಿನ ನಡುವೆ ಅಷ್ಟು ನೀರನ್ನು ಕಂಡಾಗ ಕಣ್ಣಿಗೆ ಹಿತವಾಗುತ್ತದೆ. ಇಂತಹ ಜಲಾಶಯ, ಕೆರೆಗಳ ಮೀನಿನ ಕಥೆಯೇ ಬೇರೆ. ಇಲ್ಲಿ ಮೀನು ತಾನಾಗಿ ಬರುವುದಲ್ಲ, ಬಿತ್ತುವುದು. ಮಳೆ ಬಂದು ನೀರು ತುಂಬಿದ ಮೇಲೆ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ತಂದು ಬಿಡುತ್ತಾರೆ. ಹಿಡಿಯುವ ಹಕ್ಕು ಮೀನುಗಾರರ ಸಹಕಾರ ಸಂಘಗಳಿಗೋ ಗುತ್ತಿಗೆ ಹಿಡಿದವರಿಗೋ ಹೋಗುತ್ತದೆ.

ಈ ಮರಿಗಳ ಹಿಂದೆ ಒಂದು ಸ್ವಾರಸ್ಯದ ಸಂಗತಿಯಿದೆ. ಕಾಟ್ಲಾ, ರೋಹು ಮೂಲದಲ್ಲಿ ಗಂಗಾ ಬಯಲಿನ ಹೊಳೆಗಳ ಮೀನುಗಳು. ಮಳೆಗಾಲದಲ್ಲಿ ಹರಿಯುವ ನೆರೆ ನೀರು ಸಿಕ್ಕಿದರೆ ಮಾತ್ರ ಅವು ಮೊಟ್ಟೆ ಇಡುತ್ತವೆ, ನಿಂತ ನೀರಿನಲ್ಲಿ ಇಡುವುದಿಲ್ಲ. ಹಾಗಾಗಿ ಹಿಂದೆಲ್ಲ ಮರಿ ಬೇಕೆಂದರೆ ನೆರೆ ಬಂದ ಹೊಳೆಯಲ್ಲೇ ಸೋಸಿ ತರಬೇಕಾಗಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ವಿಜ್ಞಾನಿಗಳಾದ ಕೆ.ಎಚ್. ಆಲಿಕುಞಿ ಮತ್ತು ಹೀರಾಲಾಲ್ ಚೌಧುರಿ, ಮೀನಿನ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಈ ಜಾತಿಯ ಮೀನುಗಳು ಕೊಳದಲ್ಲೇ ಮೊಟ್ಟೆ ಇಡುವಂತೆ ಮಾಡಿದರು. ದೇಶದಲ್ಲಿ ಜುಲೈ 10ನ್ನು ಮೀನು ಕೃಷಿಕರ ದಿನವೆಂದು ಆಚರಿಸುವುದು ಅದೇ ಕಾರಣಕ್ಕೆ. ಇಂದು ಬಯಲುಸೀಮೆಯ ಯಾವ ಸಂತೆಯಲ್ಲಿ ಕಾಟ್ಲಾ ಕಂಡರೂ ಅದರ ಹಿಂದೆ ಆ ಒಂದು ಚುಚ್ಚುಮದ್ದು ಇದೆ ಎನ್ನಬಹುದು. ಸಿಹಿನೀರಿನ ಮೀನನ್ನು ನಾವು ಕರಾವಳಿಯವರು "ಮಣ್ಣು ವಾಸನೆ" ಎಂದು ಮೂಗು ಮುರಿಯುತ್ತೇವೆ. ದೇಶದ ಬಹುಪಾಲು ಜನ ತಿನ್ನುವುದು ಮಾತ್ರ ಅದನ್ನೇ.

ಅಮರ್ಜಾ ಆಳಂದ ಸೀಮೆಯಿಂದ ಹರಿದು ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದಲ್ಲಿ ಭೀಮೆಯನ್ನು ಸೇರುತ್ತದೆ. ದತ್ತಾತ್ರೇಯ ದೇವಸ್ಥಾನಕ್ಕೆ ಬರುವ ಯಾತ್ರಿಕರಿಂದ, ಅದರಲ್ಲೂ ಮಹಾರಾಷ್ಟ್ರದವರಿಂದ, ಆ ಊರು ಸದಾ ತುಂಬಿರುತ್ತದೆ. ಜನ ಸಂಗಮದಲ್ಲಿ ಮಿಂದು ಮೇಲೆ ಬರುತ್ತಿದ್ದರು. ಅಂಗಡಿಗಳ ಸಾಲಿನಲ್ಲಿ ಮರಾಠಿ, ಕನ್ನಡ, ದಖನಿ ಮೂರೂ ಕಿವಿಗೆ ಬೀಳುತ್ತಿದ್ದವು. ನಾವು ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಭೀಮೆಯನ್ನು ನಾನು ಮೊದಲು ಕಂಡದ್ದು ಮಾತ್ರ ಅಲ್ಲೇ. ಅಗಲವಾದ, ಮಂದವಾದ, ಕೆಮ್ಮಣ್ಣು ಬಣ್ಣದ ನೀರು. ದಡದ ಜಾಲಿಮರಗಳ ನೆತ್ತಿಯಲ್ಲಿ ಹರಿದ ಪ್ಲಾಸ್ಟಿಕ್ ಚೀಲ, ಹುಲ್ಲಿನ ಮುದ್ದೆ ಸಿಕ್ಕಿಕೊಂಡಿದ್ದವು. "ಅತ್ತಿಗೆ, ಅಲ್ಲಿವರೆಗೆ ನೀರು ಬಂದಿತ್ತು, ಸೆಪ್ಟೆಂಬರ್ ಕೊನೆಗೆ" ಎಂದು ನಾದಿನಿ ತೋರಿಸಿದಳು. ಕತ್ತೆತ್ತಿ ನೋಡಬೇಕಾದಷ್ಟು ಎತ್ತರ.

ಭೀಮೆಯ ಉದ್ದ 861 ಕಿಲೋಮೀಟರ್. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ, ಮಹಾರಾಷ್ಟ್ರವನ್ನು ಹಾದು, ಅಫಜಲಪುರ, ಜೇವರ್ಗಿ ಸೀಮೆಗಳನ್ನು ದಾಟಿ ಕೃಷ್ಣೆಯನ್ನು ಸೇರುತ್ತದೆ. ಅದರ ನೀರಿನ ಕೀಲಿಕೈ ಇರುವುದು ಸೋಲಾಪುರ ಜಿಲ್ಲೆಯ ಉಜನಿ ಅಣೆಕಟ್ಟಿನಲ್ಲಿ. 1980ರಲ್ಲಿ ಪೂರ್ಣಗೊಂಡ ಆ ಜಲಾಶಯದಲ್ಲಿ ಸುಮಾರು 117 ಟಿಎಂಸಿ ನೀರು ಹಿಡಿಯುತ್ತದೆ. ಅಲ್ಲಿ ತುಂಬಿ ತುಳುಕಿದಾಗ ಗೇಟು ಎತ್ತುತ್ತಾರೆ. ಮೇಲಿನ ಆ ನೀರಿಗೆ ಇಲ್ಲಿನ ಮಳೆಯೂ ಸೇರಿದರೆ ಈ ತಾಲೂಕುಗಳ ಹಳ್ಳಿಗಳು ಮುಳುಗುತ್ತವೆ. 2020ರ ಅಕ್ಟೋಬರ್‌ನಲ್ಲಿ ಹಾಗಾಯಿತು, 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ ಆಯಿತು. ಗೇಟು ಮುಚ್ಚಿದರೆ ಬೇಸಿಗೆಯಲ್ಲಿ ಭೀಮೆ ಮರಳಿನ ಹಾದಿಯಾಗುತ್ತದೆ. ಬಚಾವತ್ ನ್ಯಾಯಾಧಿಕರಣದ ಲೆಕ್ಕದಲ್ಲಿ ಭೀಮೆಯಿಂದ ಕರ್ನಾಟಕದ ಪಾಲು 15 ಟಿಎಂಸಿ. ಕಾಗದದ ಮೇಲಿನ ಆ ನೀರನ್ನು ಹೊಳೆಗೆ ಬಿಡಿಸಿಕೊಡಿ ಎಂದು 2024ರ ಬೇಸಿಗೆಯಲ್ಲಿ ಅಫಜಲಪುರದಲ್ಲಿ ಉಪವಾಸ ಕುಳಿತವರೂ ಇದ್ದಾರೆ. ನಾದಿನಿಯ "ಹೊಳೆಯೇ ಇರುವುದಿಲ್ಲ" ಎಂಬ ಮಾತಿನ ಅರ್ಥ ಇದು.

ಅಫಜಲಪುರದಲ್ಲಿ ನಾದಿನಿಯ ಗಂಡನ ಸಂಬಂಧಿಕರ ಮನೆಯಲ್ಲಿ ರಾತ್ರಿ ತಂಗಿದೆವು. ಮರುದಿನ ಫಜ್ರ್ ನಮಾಝ್ ಮುಗಿಸಿ ಹೊರಟಾಗ ಇನ್ನೂ ನಸುಗತ್ತಲೆ. ಆ ಸೀಮೆಗೆ ನೀರು ಹಿಡಿದುಕೊಡುವ ಸೊನ್ನ ಬ್ಯಾರೇಜು ಇದೇ ತಾಲೂಕಿನಲ್ಲಿದೆ. ಭಾಗ್ಯವಂತಿ ದೇವಿಯ ಗುಡಿಯಿಂದ ಹೆಸರಾದ ಘತ್ತರಗಿಯೂ ಇಲ್ಲಿನ ಹೊಳೆದಡದ ಊರೇ. ನಾವು ಹೋದದ್ದು ಹೆಸರಿಲ್ಲದಂತಹ ಒಂದು ಸಣ್ಣ ಹಳ್ಳಿಯ ದಡಕ್ಕೆ. ಅಲ್ಲಿ ಹರಿಗೋಲು ಕಾಯುತ್ತಿತ್ತು.

ಪೇಟೆಯವರಿಗೆ ಬಾಡಿಗೆಗೆ ದೋಣಿ ಕೊಟ್ಟು ಮೀನು ಹಿಡಿಸುವ ವ್ಯವಹಾರ ಅಲ್ಲಿಲ್ಲ. ಪರಿಚಯದವರ ಮೂಲಕ ಹೇಳಿಸಿ, ಬಲೆ ಎತ್ತಲು ಹೋಗುವವರ ಜೊತೆ ಕುಳಿತುಕೊಳ್ಳುವುದು, ಅಷ್ಟೇ. ಹರಿಗೋಲಿನ ಯಜಮಾನರಿಗೆ ಅರವತ್ತರ ಮೇಲಾಗಿತ್ತು. ಕಬ್ಬಲಿಗರು. ದೋಣಿ ನಡೆಸುವುದೂ ಮೀನು ಹಿಡಿಯುವುದೂ ಈ ಸಮುದಾಯದ ಕುಲಕಸಬು. ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯ ತಮ್ಮವರೆಂದು ಅವರಿಗೆ ಹೆಮ್ಮೆ. ನಾವು ಕಾಕಾ ಎಂದು ಕರೆದೆವು, ಅವರು ನನ್ನನ್ನು ಅಕ್ಕಾರ ಎಂದರು. ಲೈಫ್ ಜಾಕೆಟ್ ಇರಲಿಲ್ಲ. ಹಾಗಾಗಿ ಮಗನನ್ನು ನಾದಿನಿಯ ಬಳಿ ದಡದಲ್ಲೇ ಬಿಟ್ಟು ನಾವಿಬ್ಬರೇ ಹತ್ತಿದೆವು. ಅವನು ಅತ್ತದ್ದು ಬೇರೆ ಮಾತು. ಹೊಳೆಯನ್ನು ನೋಡಲು ಹೋಗುವ ಯಾವ ತಾಯಿಯೂ ಈ ಒಂದು ವಿಷಯದಲ್ಲಿ ಮಕ್ಕಳ ಅಳುವಿಗೆ ಕರಗಬಾರದೆಂದೇ ನಾನು ಹೇಳುತ್ತೇನೆ.

ಹರಿಗೋಲು ಬಿದಿರಿನ ದೊಡ್ಡ ಬುಟ್ಟಿಯಂತಿರುತ್ತದೆ. ಹಿಂದೆ ಅದಕ್ಕೆ ಚರ್ಮ ಹೊದಿಸುತ್ತಿದ್ದರಂತೆ. ಈಗ ಪ್ಲಾಸ್ಟಿಕ್ ಹಾಳೆ ಬಿಗಿದು ಡಾಂಬರು ಬಳಿಯುತ್ತಾರೆ. ಫೈಬರಿನವೂ ಬಂದಿವೆ. ಅದಕ್ಕೆ ಮುಂದೆ, ಹಿಂದೆ ಎಂಬುದಿಲ್ಲ. ಹುಟ್ಟು ಹಾಕುವುದು ತಪ್ಪಿದರೆ ನಿಂತಲ್ಲೇ ತಿರುಗುತ್ತದೆ. ನಮ್ಮ ಕಡಲ ದೋಣಿಗಳ ಓಲಾಟಕ್ಕೆ ಒಗ್ಗಿದ ಇವರೂ ಗಟ್ಟಿಯಾಗಿ ಅಂಚು ಹಿಡಿದು ಕುಳಿತಿದ್ದರು. ಕಾಕಾ ಮಾತ್ರ ಹೊಳೆಯ ಮೇಲೆ ನಡೆದುಕೊಂಡು ಹೋಗುವವರಂತೆ ನಿರಾಳವಾಗಿದ್ದರು. ಸಂಜೆ ಬಿಟ್ಟ ನೈಲಾನ್ ಬಲೆಗಳು ನೀರಿನಲ್ಲಿ ಗೋಡೆಯಂತೆ ನಿಂತಿರುತ್ತವೆ. ಮೇಲಂಚಿಗೆ ಬೆಂಡು, ಕೆಳಗೆ ಭಾರ. ಕತ್ತಲಲ್ಲಿ ಓಡಾಡುವ ಮೀನು ಕಣ್ಣಿಗೆ ಕಾಣದ ಆ ಗೋಡೆಗೆ ತಲೆ ತೂರಿಸಿ ಕಿವಿರು ಸಿಕ್ಕಿಸಿಕೊಳ್ಳುತ್ತದೆ. ಬೆಳಗಾಗುವಷ್ಟರಲ್ಲಿ ಎತ್ತಬೇಕು, ತಡವಾದರೆ ಮೀನು ಮೆತ್ತಗಾಗುತ್ತದೆ.

ಮೊದಲ ಬಲೆಯಲ್ಲಿ ಬರೀ ಜಿಲೇಬಿ ಮೀನು. ತಿಲಾಪಿಯಾವನ್ನು ಇಲ್ಲಿ ಹಾಗೆನ್ನುತ್ತಾರೆ. ಆಫ್ರಿಕದ ಈ ಮೀನನ್ನು 1952ರಲ್ಲಿ ನಮ್ಮ ದೇಶಕ್ಕೆ ತಂದರು, ಈಗ ಅದು ತಾನೇ ಮನೆಯ ಯಜಮಾನನಂತೆ ಎಲ್ಲ ಕಡೆ ತುಂಬಿಕೊಂಡಿದೆ. ಎರಡನೆಯ ಬಲೆಯಲ್ಲಿ ಎರಡು ರೋಹು, ಮೂರು ಕಿಲೋದ ಒಂದು ಕಾಟ್ಲಾ. ಕೊನೆಯ ಬಲೆ ಎತ್ತುವಾಗ ಕಾಕಾರ ಕೈ ನಿಧಾನವಾಯಿತು. ಬಂದದ್ದು ಬಾಳೆ ಮೀನು. ಉದ್ದಕ್ಕೆ, ಹುರುಪೆಯಿಲ್ಲದೆ, ಬೆಳ್ಳಿಯ ಪಟ್ಟಿಯಂತೆ ಹೊಳೆಯುವ ಮೈ, ಕಿವಿಯವರೆಗೂ ಹರಿದ ಬಾಯಿ, ಬಾಯೊಳಗೆ ಸಾಲು ಸಾಲು ಹಲ್ಲು. ಇದನ್ನು ಯಾರೂ ಮರಿ ಮಾಡಿ ಬಿಟ್ಟದ್ದಲ್ಲ. ಇದು ಹೊಳೆಯ ಸ್ವಂತ ಮೀನು. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಆಳವಾದ ಮಡುಗಳಲ್ಲಿ ಉಳಿದುಕೊಂಡು, ನೆರೆ ಬಂದಾಗ ಹೊರಬಂದು ಮೊಟ್ಟೆಯಿಡುವ ಜಾತಿ. "ನಮ್ಮಪ್ಪನ ಕಾಲಕ್ಕ ದಿನಾ ಬರ್ತಿದ್ವು ಅಕ್ಕಾರ. ಈಗ ಹೊಳಿ ಇಳದ ಮ್ಯಾಲ ಹತ್ತು ದಿನಕ್ಕ ಒಂದ್ ಸಿಕ್ರ ದೊಡ್ಡದು" ಎಂದರು ಕಾಕಾ.

ಏಕೆ ಕಡಿಮೆಯಾಯಿತೆಂದು ಕೇಳಿದೆ. ಅವರು ಹುಟ್ಟನ್ನು ಕೆಳಗಿಟ್ಟು ದಡದತ್ತ ತೋರಿಸಿದರು. ಟ್ರ್ಯಾಕ್ಟರ್ ಚಕ್ರದ ಗುರುತುಗಳು ನೇರ ನೀರಿನವರೆಗೆ ಬಂದಿದ್ದವು. ಮರಳು. ಮಡುವಿನ ಸುತ್ತಲ ಮರಳೇ ಹೊಳೆಯ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಒಸರಿಸುವುದು. ಅದನ್ನು ಬಾಚಿದರೆ ಮೀನಿಗೆ ಬೇಸಿಗೆ ಕಳೆಯಲು ಜಾಗವಿಲ್ಲ. ಎಲ್ಲೆಂದರಲ್ಲಿ ತೋಡಿದ ಗುಂಡಿಗಳಲ್ಲಿ ಬಲೆ ಸಿಕ್ಕಿಕೊಂಡು ಹರಿಯುತ್ತದೆ, ಈಜಲು ಇಳಿದ ಮಕ್ಕಳಿಗೆ ಆಳ ಗೊತ್ತಾಗುವುದಿಲ್ಲ. ಈ ದಂಧೆ ಎಂಥದೆಂದರೆ, 2023ರ ಜೂನ್‌ನಲ್ಲಿ ಜೇವರ್ಗಿ ತಾಲೂಕಿನ ನೆಲೋಗಿ ಠಾಣೆಯ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಅಕ್ರಮ ಮರಳಿನ ಟ್ರ್ಯಾಕ್ಟರನ್ನು ತಡೆಯಲು ಹೋಗಿ ಅದರಡಿಗೇ ಸಿಕ್ಕಿ ಪ್ರಾಣ ಕಳೆದುಕೊಂಡರು. ಸಮವಸ್ತ್ರದವರಿಗೇ ಈ ಗತಿಯಾದರೆ ಹರಿಗೋಲಿನವರು ಏನು ಬಾಯಿ ಬಿಟ್ಟಾರು?

ಇನ್ನೊಂದು ಕಾರಣವನ್ನು ಕಾಕಾ ಸ್ವಲ್ಪ ತಡೆದು ಹೇಳಿದರು. ಅದು ಅವರದೇ ಜನರ ಕೈಯಲ್ಲಿರುವಂಥದ್ದು. ಬಲೆಯ ಕಣ್ಣು ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿದೆ. ದೊಡ್ಡದು ಸಿಗದಿದ್ದಾಗ ಸಣ್ಣದಾದರೂ ಸಿಗಲೆಂದು ಸಣ್ಣ ಕಣ್ಣಿನ ಬಲೆ ತರುತ್ತಾರೆ, ಅದರಲ್ಲಿ ಮರಿಗಳೂ ಬರುತ್ತವೆ, ಮರುವರ್ಷ ದೊಡ್ಡದು ಇನ್ನೂ ಕಡಿಮೆ. "ಬಿಡ್ಲಾಕ ಮನಸ್ಸಿರ್ತದರಿ. ಹೊಟ್ಟಿ ಬಿಡಂಗಿಲ್ಲ."

ನನಗೆ ಆಗ ನೆನಪಾದದ್ದು ಅಮೆರಿಕದ ಈಶಾನ್ಯ ಕರಾವಳಿಯ ಟಾಟೋಗ್ ಎಂಬ ಮೀನು. ಕಡಲ ಬಂಡೆಗಳ ಸಂದಿಯಲ್ಲಿ ಬದುಕುತ್ತದೆ, ಗಟ್ಟಿ ಹಲ್ಲಿನಿಂದ ಏಡಿ, ಚಿಪ್ಪುಗಳನ್ನು ಒಡೆದು ತಿನ್ನುತ್ತದೆ, ಬಹಳ ನಿಧಾನವಾಗಿ ಬೆಳೆಯುತ್ತದೆ. ಅದೂ ಶರದೃತುವಿನ ಬೇಟೆಯೇ. ಅಕ್ಟೋಬರ್, ನವೆಂಬರ್‌ನಲ್ಲಿ ನೀರು ತಣ್ಣಗಾಗತೊಡಗಿದಾಗ ಜನ ಹಣ ಕೊಟ್ಟು ದೋಣಿ ಹತ್ತಿ, ಗಾಳಕ್ಕೆ ಏಡಿ ಸಿಕ್ಕಿಸಿ ಅದನ್ನು ಹಿಡಿಯಲು ಹೋಗುತ್ತಾರೆ. ದೋಣಿಯಲ್ಲಿ ಅಳತೆಪಟ್ಟಿ ಇರುತ್ತದೆ. ಮ್ಯಾಸಚೂಸೆಟ್ಸ್, ರೋಡ್ ಐಲ್ಯಾಂಡ್‌ಗಳಲ್ಲಿ 16 ಇಂಚಿಗಿಂತ ಚಿಕ್ಕದಾದರೆ ನೀರಿಗೇ ಮರಳಿಸಬೇಕು, ಒಬ್ಬರು ಒಂದು ದಿನಕ್ಕೆ ಇಂತಿಷ್ಟೇ ಒಯ್ಯಬೇಕು. ಕಾನೂನು ನಮ್ಮಲ್ಲಿಯೂ ಇಲ್ಲವೆಂದಲ್ಲ, ಒಳನಾಡು ಮೀನುಗಾರಿಕೆಗೆ ಕರ್ನಾಟಕದ್ದೇ ಕಾಯ್ದೆಯಿದೆ, 1996ರದ್ದು. ಆದರೆ ಅಲ್ಲಿ ಹಿಡಿಯುವವರಲ್ಲಿ ಬಹಳಷ್ಟು ಜನರಿಗೆ ಅದು ರಜೆಯ ಮೋಜು. ಬಿಟ್ಟುಬಿಟ್ಟ ಮೀನಿನಿಂದ ಅವರ ರಾತ್ರಿಯೂಟಕ್ಕೆ ಕುಂದಿಲ್ಲ. ಇಲ್ಲಿ ಅಳತೆಪಟ್ಟಿ ಹಿಡಿಯುವ ಮುಂಚೆ ಆ ದಿನದ ಜೋಳದ ಹಿಟ್ಟಿಗೆ ದಾರಿ ಮಾಡಬೇಕು. ಇದನ್ನು ಮರೆತು ಬಲೆಯ ಕಣ್ಣಿನ ಬಗ್ಗೆ ಉಪದೇಶ ಮಾಡುವುದು ಸುಲಭ.

ದಡಕ್ಕೆ ಬಂದಾಗ ಕಾಕಾರ ಸೊಸೆ ತಕ್ಕಡಿ, ಬುಟ್ಟಿ ಹಿಡಿದು ನಿಂತಿದ್ದರು. ಈ ಮನೆಗಳಲ್ಲಿ ಬಲೆ ಗಂಡಸರದು, ತಕ್ಕಡಿ ಹೆಂಗಸರದು. ಮೀನು ಬಿಡಿಸಿ, ತೂಗಿ, ಬುಟ್ಟಿ ಹೊತ್ತು ಊರೂರು ಮಾರಿ, ಸಂಜೆ ದುಡ್ಡು ಎಣಿಸುವವರು ಅವರೇ. ನಾದಿನಿಯನ್ನು ಅವರು "ಆಪಾ" ಎಂದು ಕರೆದು ಮಾತಿಗೆ ಶುರುವಿಟ್ಟರು. ಈ ವರ್ಷ ನೆರೆಯಲ್ಲಿ ಎರಡು ಬಲೆ ಹೋದವು, ಮನೆಯೊಳಗೆ ಮೊಣಕಾಲು ನೀರು ಬಂತು. ಶಾಲೆಯಲ್ಲಿ ನಾಲ್ಕು ದಿನ ಇದ್ದು ಬಂದರು. ಈಗ ಸುಗ್ಗಿ. ಸಂಕ್ರಾಂತಿ ಕಳೆದು ಹೊಳೆ ಇಳಿದರೆ ಗಂಡ ಹೆಂಡತಿ ಇಬ್ಬರೂ ಪುಣೆಗೆ, ಕಟ್ಟಡದ ಕೆಲಸಕ್ಕೆ. "ಮಕ್ಕಳು?" ಎಂದೆ. "ದೊಡ್ಡಾಕಿ ಆರನೇ ಕ್ಲಾಸ್ರಿ. ಅಜ್ಜಿ ಹತ್ರ ಬಿಟ್ಟು ಹೋಗ್ತೀವಿ. ಸಣ್ಣಾಂವ ನಮ್ಮ ಜೋಡಿ ಬರ್ತಾನ." ಹೊಳೆಯಲ್ಲಿ ನೀರು ಇನ್ನೊಂದು ತಿಂಗಳು ಹೆಚ್ಚು ನಿಂತರೆ ಆ ಸಣ್ಣವನು ಒಂದು ತಿಂಗಳು ಹೆಚ್ಚು ಅಂಗನವಾಡಿಗೆ ಹೋಗುತ್ತಾನೆ ಎಂದು ನಾನು ಅಲ್ಲೇ ಲೆಕ್ಕ ಹಾಕಿದೆ. ಉಜನಿಯ ಗೇಟಿನ ಬಳಿ ಕುಳಿತವರ ಪಟ್ಟಿಯಲ್ಲಿ ಕಬ್ಬು ಇರುತ್ತದೆ, ಪೇಟೆಗಳ ನಲ್ಲಿ ಇರುತ್ತದೆ. ಈ ಹುಡುಗ ಇರುವುದಿಲ್ಲ.

ಅವರ ಬುಟ್ಟಿಗೆ ಹೆಚ್ಚಿನ ಗಿರಾಕಿಗಳು ಮುಸ್ಲಿಮ್ ಮನೆಗಳೇ. ಮೀನಿಗೆ ಝಬಹ್ ಬೇಕಿಲ್ಲವಾದ್ದರಿಂದ ಯಾರು ಹಿಡಿದರೂ ಯಾರು ಮಾರಿದರೂ ನಮಗೆ ಅಡ್ಡಿಯಿಲ್ಲ. ಸೂರಃ ಅಲ್ ಮಾಇದಃದ 96ನೆಯ ಸೂಕ್ತದಲ್ಲಿ ನೀರಿನ ಬೇಟೆಯನ್ನು ಧರ್ಮಸಮ್ಮತಗೊಳಿಸಿದ್ದು ಈ ಎರಡು ಸಮುದಾಯಗಳ ನಡುವೆ ಎಷ್ಟು ಹಳೆಯ ಕೊಡುಕೊಳ್ಳುವಿಕೆಯನ್ನು ಸಾಧ್ಯವಾಗಿಸಿದೆ! ಒಂದು ವ್ಯತ್ಯಾಸವನ್ನು ನಾದಿನಿ ಅಲ್ಲಿಗೆ ಹೋದ ಮೇಲೆ ಕಲಿತಳು. ತಾನಾಗಿ ಸತ್ತು ತೇಲಿದ ಮೀನನ್ನು ಅಲ್ಲಿನ ಹನಫಿಗಳು ಮುಟ್ಟುವುದಿಲ್ಲ, ಶಾಫಿಗಳಾದ ನಮಗೆ ನಿಷೇಧವಿಲ್ಲ. ಹಾಗಾಗಿ ಬುಟ್ಟಿಯ ಮೀನು ಬಲೆಯದೇ ಎಂದು ಕೇಳಿಯೇ ಅತ್ತೆ ಕೊಳ್ಳುತ್ತಾರಂತೆ. ಹೊಳೆಗೆ ಪೇಟೆಗಳ ಕೊಳಕು ಸೇರುವ ಈ ಕಾಲದಲ್ಲಿ ಆರೋಗ್ಯದ ದೃಷ್ಟಿಯಿಂದಲೂ ಅದು ಒಳ್ಳೆಯ ರೂಢಿಯೇ.

ಮಣ್ಣು ವಾಸನೆಗೂ ಅವರಲ್ಲಿ ಮದ್ದಿದೆ. ತುಂಡುಗಳನ್ನು ಕಲ್ಲುಪ್ಪು, ಅರಿಶಿನ ಹಾಕಿ ತಿಕ್ಕಿ, ಹುಳಿ ಮಜ್ಜಿಗೆಯಲ್ಲಿ ಅರ್ಧ ಗಂಟೆ ಇಟ್ಟು ತೊಳೆಯುತ್ತಾರೆ. ಹೊಟ್ಟೆಯ ಒಳಗಿನ ಕಪ್ಪು ಪೊರೆಯನ್ನು ಬಿಡದೆ ಕೆರೆದು ತೆಗೆಯಬೇಕು, ವಾಸನೆಯ ಅರ್ಧ ಅದರಲ್ಲೇ ಇರುತ್ತದೆ. ಮಸಾಲೆಗೆ ಹುರಿದ ಶೇಂಗಾ, ಎಳ್ಳು, ಒಣ ಕೊಬ್ಬರಿ, ಸುಟ್ಟ ಈರುಳ್ಳಿ. ಹುಣಸೆ ರಸ ಧಾರಾಳ, ಒಗ್ಗರಣೆಗೆ ನಾಲ್ಕು ಕಾಳು ಮೆಂತ್ಯ. ತೆಂಗಿನ ಹಾಲಿನ ನಮ್ಮ ಸಾರಿನಂತಲ್ಲ, ಖಾರ, ಹುಳಿ ಎರಡೂ ಎದ್ದು ನಿಲ್ಲುತ್ತವೆ. ಜೋಳದ ರೊಟ್ಟಿಗೆ ಅದೇ ಸರಿ. ಬಾಳೆ ಮೀನಿನಲ್ಲಿ ಸಣ್ಣ ಮುಳ್ಳಿಲ್ಲದ ಕಾರಣ ಮಗನಿಗೆ ಅದನ್ನೇ ಬಡಿಸಿದೆ. ರೋಹುವಿನಲ್ಲಿ ಕವಲೊಡೆದ ಸಣ್ಣ ಮುಳ್ಳುಗಳು ಮಾಂಸದೊಳಗೇ ಇರುತ್ತವೆ, ಮಕ್ಕಳಿಗೆ ಬಿಡಿಸಿ ಕೊಡುವಾಗ ಎಚ್ಚರ ಬೇಕು.

ಮೂರನೆಯ ದಿನ ಜೇವರ್ಗಿಯ ದಾರಿ ಹಿಡಿದೆವು. ಕಲಬುರಗಿಯಿಂದ ದಕ್ಷಿಣಕ್ಕೆ ಹೋಗುವ ಈ ಹೆದ್ದಾರಿ ಭೀಮೆಯನ್ನು ಕಟ್ಟಿ ಸಂಗಾವಿಯಲ್ಲಿ ದಾಟುತ್ತದೆ. ಸೆಪ್ಟೆಂಬರಿನ ನೆರೆಯಲ್ಲಿ ಈ ಸೇತುವೆಯ ಮೇಲಿನ ಸಂಚಾರವೂ ನಿಂತಿತ್ತು. ಅದಕ್ಕೆ ಮುನ್ನ, ಹೊಳೆಯ ಎಡದಂಡೆಯಲ್ಲಿ ಫಿರೋಝಾಬಾದ್. ಬಹಮನಿ ಸುಲ್ತಾನ ಫಿರೋಝ್ ಷಾ 1400ರ ಸುಮಾರಿಗೆ ಕಟ್ಟಿಸಿದ ನಗರ. ಮೂರು ಕಡೆ ಕಲ್ಲಿನ ಕೋಟೆ, ಪಶ್ಚಿಮಕ್ಕೆ ಭೀಮೆಯೇ ಕಾವಲು. ಅವನ ನಂತರ ರಾಜಧಾನಿ ಬೀದರಿಗೆ ಹೋಯಿತು, ಈ ನಗರ ಪಾಳುಬಿತ್ತು. ಇಂದು ಜಾಮಿಯಾ ಮಸೀದಿಯ ಕಮಾನುಗಳ ನಡುವೆ ಆಡುಗಳು ಮೇಯುತ್ತವೆ, ಅರಮನೆಯ ಅಂಗಳದಲ್ಲಿ ಜೋಳ ನಿಂತಿದೆ. ಪುರಾತತ್ವದ ಕಡೆಯಿಂದ ಇನ್ನಷ್ಟು ಕಾಳಜಿ ಆಗಬೇಕಿತ್ತು ಎನಿಸದಿರದು. ಕೋಟೆ ಬಾಗಿಲಿನಿಂದ ಹೊಳೆಯ ಕಡೆ ಇಳಿದರೆ ಕೆಳಗೆ ಒಂದು ಹರಿಗೋಲು ಕವುಚಿ ಬಿದ್ದಿತ್ತು, ಡಾಂಬರು ಒಣಗಲೆಂದು.

ಜೇವರ್ಗಿ ಪೇಟೆಯ ಮೀನಿನ ಸಾಲಿನಲ್ಲಿ ಅಂದು ಹೊಳೆಯ ಮೀನು ಒಂದೇ ಬುಟ್ಟಿ. ಉಳಿದದ್ದೆಲ್ಲ ಥರ್ಮಾಕೋಲ್ ಡಬ್ಬಿಯಲ್ಲಿ ಮಂಜುಗಡ್ಡೆ ಹಾಕಿ ಲಾರಿಯಲ್ಲಿ ಬಂದ ಕೊಳದ ಮೀನು. ಬೆಲೆಯಲ್ಲಿ ಹೊಳೆಯದು ತುಸು ಹೆಚ್ಚು. ಗುರುತು ಹಿಡಿಯುವುದು ಹೇಗೆಂದು ಮಾರುವಾಕೆಯೇ ಹೇಳಿಕೊಟ್ಟರು: ಹೊಳೆಯ ಮೀನಿಗೆ ಮೈ ತೆಳ್ಳಗೆ, ಹೊಟ್ಟೆಯಲ್ಲಿ ಕೊಬ್ಬು ಕಡಿಮೆ, ಕಿವಿರು ಎತ್ತಿದರೆ ಕೆಂಪು. ಕೊಳದ್ದು ದುಂಡಗೆ, ಮೆತ್ತಗೆ. "ನೋಡ್ಲಾಕ ಅದೇ ಛಂದ. ತಿನ್ಲಾಕ ಇದು."

ನೋಡಲು ಹೋಗುವುದಾದರೆ ಅಕ್ಟೋಬರ್ ಮಧ್ಯದಿಂದ ಡಿಸೆಂಬರ್ ಕೊನೆಯವರೆಗಿನ ದಿನಗಳು ಒಳ್ಳೆಯವು. ಆ ಹೊತ್ತಿಗೆ ನೆರೆ ಇಳಿದಿರುತ್ತದೆ, ಬಿಸಿಲೂ ಹದವಾಗಿರುತ್ತದೆ. ಹೊರಡುವ ಮುಂಚೆ ಉಜನಿಯಿಂದ ನೀರು ಬಿಟ್ಟಿದ್ದಾರೆಯೇ ಎಂದು ವಿಚಾರಿಸಿ. ಬಿಟ್ಟಿದ್ದರೆ ದಡಕ್ಕೂ ಇಳಿಯಬೇಡಿ. ಆಳಂದ, ಗಾಣಗಾಪುರ, ಜೇವರ್ಗಿ ಮೂರಕ್ಕೂ ಕಲಬುರಗಿಯಿಂದ ಬಸ್ಸುಗಳಿವೆ. ಫಿರೋಝಾಬಾದಿಗೆ ಜೇವರ್ಗಿ ಬಸ್ಸಿನಲ್ಲೇ ಇಳಿದು ನಡೆಯಬಹುದು, ನೀರು ಮತ್ತು ಛತ್ರಿ ಜೊತೆಗಿರಲಿ. ಮೀನು ಕೊಳ್ಳುವುದಾದರೆ ಹೊಳೆದಡದಲ್ಲೇ, ತಕ್ಕಡಿ ಹಿಡಿದ ಹೆಂಗಸರಿಂದಲೇ ಕೊಳ್ಳಿ. ಚೌಕಾಸಿ ಮಾಡಿದರೆ ಅವರು ಬೇಜಾರು ಮಾಡಿಕೊಳ್ಳುವುದಿಲ್ಲ, ಮೇಲೊಂದು ಜಿಲೇಬಿ ಮೀನು ಹಾಕಿಯೇ ಕೊಡುತ್ತಾರೆ.